ಇಳಕಲ್ ಸೀರೆಯ ಗುಣಪರೀಕ್ಷೆ

ಇಳಕಲ್ ಸೀರೆಯ ಗುಣಪರೀಕ್ಷೆ ಎಂದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಪಟ್ಟಣದ ಹೆಸರಿನಲ್ಲಿ ಮಾರಾಟವಾಗುವ ಸೀರೆಯ ನೂಲು ಮತ್ತು ನೇಯ್ಗೆಯನ್ನು ಕೊಳ್ಳುವ ಮುನ್ನ ಪರಿಶೀಲಿಸುವ ಕ್ರಮ. ಇಳಕಲ್ ಹಿಂದೆ ಹುನಗುಂದ ತಾಲೂಕಿಗೆ ಸೇರಿತ್ತು. ಈಗ ಪ್ರತ್ಯೇಕ ತಾಲೂಕು ಕೇಂದ್ರ. ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದ್ದರೂ ವಿದ್ಯುತ್ ಮಗ್ಗದ ಅನುಕರಣೆಗಳು ಇದೇ ಹೆಸರಿನಲ್ಲಿ ಮಾರುಕಟ್ಟೆಗೆ ಬರುವುದರಿಂದ ಕೈಮಗ್ಗದ ನೇಕಾರರ ಕೂಲಿಗೆ ಪೆಟ್ಟು ಬೀಳುತ್ತದೆ.

ಮೊದಲು ನೋಡಬೇಕಾದದ್ದು ಸೆರಗು. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಇವೆರಡನ್ನೂ ಕುಣಿಕೆಗಳಿಂದ ಎಳೆ ಎಳೆಯಾಗಿ ಕೂಡಿಸುವ ವಿಧಾನವೇ ‘ಟೋಪ ತೆನಿ’. ಇದಕ್ಕಾಗಿ ಪ್ರತಿ ಸೀರೆಗೂ ಬೇರೆಯಾಗಿ ಹಾಸು ಹೂಡಬೇಕಾಗುತ್ತದೆ. ಬೆಲೆ ಏರಲು ಇದೂ ಒಂದು ಕಾರಣ. ಸೆರಗಿನ ತುದಿಯ ಬಿಡಿ ಎಳೆಗಳು ಕೆಂಪು ರೇಷ್ಮೆಯಾಗಿರದೆ ಒಡಲಿನ ಬಣ್ಣದ ಎಳೆಗಳೇ ಅಲ್ಲಿಯವರೆಗೆ ಹರಿದು ಬಂದಿದ್ದರೆ ಹಾಸನ್ನು ಕೂಡಿಸಿಲ್ಲವೆಂದು ತಿಳಿಯಬೇಕು. ಅಂತಹ ಸೀರೆ ನಕಲಿಯೇ ಆಗಿರಬೇಕೆಂದಿಲ್ಲ. ಟೋಪ ತೆನಿಯಿಲ್ಲದ ಕೈಮಗ್ಗದ ಸೀರೆಗಳೂ ಇವೆ, ಆದರೆ ಅವುಗಳಿಗೆ ಟೋಪ ತೆನಿಯ ಬೆಲೆ ಸಲ್ಲದು.

ರೇಷ್ಮೆಯ ಬಿಡಿ ಎಳೆಯೊಂದನ್ನು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಕೃತಕ ರೇಷ್ಮೆ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗಂಟಾಗುತ್ತದೆ. ಕಸೂತಿಯಿರುವ ಸೀರೆಯಾದರೆ ಹಿಂಬದಿಯನ್ನೂ ನೋಡಬೇಕು: ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತವೆ. ಸಿಲ್ಕ್ ಮಾರ್ಕ್ ರೇಷ್ಮೆಯ ಶುದ್ಧತೆಯನ್ನೂ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ ನೇಯ್ಗೆಯನ್ನೂ ಸೂಚಿಸುತ್ತವೆ. ಟೋಪ ತೆನಿಯ ಬಗ್ಗೆ ಎರಡೂ ಏನನ್ನೂ ಹೇಳುವುದಿಲ್ಲ.