ಹಳೆಯ ಸೇನಾ ರೈಫಲ್‌ಗಳ ನಿಖರತಾ ಮಾರ್ಪಾಡು

ಹಳೆಯ ಸೇನಾ ರೈಫಲ್‌ಗಳ ನಿಖರತಾ ಮಾರ್ಪಾಡು ಎಂದರೆ ಸೈನ್ಯದ ಬಳಕೆಯಿಂದ ಹೊರಬಂದ ಬಂದೂಕಿನ ನಳಿಗೆ, ಮರದ ಒಡಲು, ಗುರಿ ನೋಡುವ ಸಾಧನ ಮತ್ತು ಕುದುರೆಗಳನ್ನು ಸರಿಪಡಿಸಿ, ದೂರದ ಗುರಿಯನ್ನು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಮುಟ್ಟುವಂತೆ ಮಾಡುವ ಕಮ್ಮಾರಿಕೆ. ಭಾರತದಲ್ಲಿ ಈ ವಿಷಯವು ಮುಖ್ಯವಾಗಿ .303 ಲೀ–ಎನ್‌ಫೀಲ್ಡ್ ರೈಫಲ್ ಮತ್ತು ಅದರ ನಾಗರಿಕ ರೂಪವಾದ .315 ರೈಫಲ್‌ಗೆ ಸಂಬಂಧಿಸಿದೆ. ಸೇನೆಯ ಹಳೆಯ ಬಂದೂಕುಗಳು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಅಮೆರಿಕ, ಕೆನಡಾಗಳಲ್ಲಿ ಇದು ಮನೆಯ ಹಿತ್ತಿಲಿನ ಹವ್ಯಾಸವಾಗಿ ಬೆಳೆಯಿತು. ಭಾರತದಲ್ಲಿ ಇದು ಶಸ್ತ್ರಾಗಾರಗಳ, ಕಾರ್ಖಾನೆಗಳ ಮತ್ತು ಪರವಾನಗಿ ಪಡೆದ ಕುಶಲಕರ್ಮಿಗಳ ಕೆಲಸವಾಗಿಯೇ ಉಳಿದಿದೆ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಂತಹ ಮಲೆನಾಡಿನ ಪ್ರದೇಶಗಳಲ್ಲಿ ಕೋವಿಯು ಬೆಳೆ ರಕ್ಷಣೆಯ ಸಾಧನವಾಗಿರುವುದರಿಂದ, ಅಲ್ಲಿ ಈ ವಿಷಯಕ್ಕೆ ಬೇರೆಯದೇ ಅರ್ಥವಿದೆ.

ಲೀ–ಎನ್‌ಫೀಲ್ಡ್ ರೈಫಲ್

ಜೇಮ್ಸ್ ಪ್ಯಾರಿಸ್ ಲೀ ಎಂಬಾತ ರೂಪಿಸಿದ ಬೋಲ್ಟ್ ಮತ್ತು ತೋಟಾಪೆಟ್ಟಿಗೆಗೆ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯ ಐದು ಗೀರುಗಳ ನಳಿಗೆಯನ್ನು ಜೋಡಿಸಿ, 1895ರಲ್ಲಿ ಬ್ರಿಟಿಷ್ ಸೇನೆ ಈ ರೈಫಲನ್ನು ಸ್ವೀಕರಿಸಿತು. ನಳಿಗೆಯೊಳಗೆ ತಿರುಪಿನಂತೆ ಸುತ್ತಿರುವ ಈ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಗುಂಡು ಗಾಳಿಯಲ್ಲಿ ಮಗುಚಿಕೊಳ್ಳದೆ ಮೂತಿ ಮುಂದಾಗಿಯೇ ಸಾಗುತ್ತದೆ. ಕಾಲಾಳು ಮತ್ತು ಕುದುರೆಪಡೆ ಎರಡಕ್ಕೂ ಹೊಂದುವ ಗಿಡ್ಡ ನಮೂನೆ 1904ರಲ್ಲಿಯೂ, ಅದರ ಸುಧಾರಿತ ಮೂರನೆಯ ಮಾದರಿ 1907ರಲ್ಲಿಯೂ ಬಂದವು. ಹತ್ತು ತೋಟಾಗಳ ಪೆಟ್ಟಿಗೆಯಿದ್ದ ಈ ಮೂರನೆಯ ಮಾದರಿಯನ್ನು ಕೋಲ್ಕತ್ತ ಸಮೀಪದ ಈಶಾಪುರದ ರೈಫಲ್ ಕಾರ್ಖಾನೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸೈನಿಕರ ಕೈಯಲ್ಲಿದ್ದದ್ದು ಬಹುಪಾಲು ಇದೇ. ಸ್ವಾತಂತ್ರ್ಯಾನಂತರ ಪೊಲೀಸರ ಹೆಗಲ ಮೇಲೆ ಇದು ದಶಕಗಳ ಕಾಲ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಚೀನಾ ಯುದ್ಧದ ನಂತರ ಈಶಾಪುರದಲ್ಲಿ 7.62 ಮಿ.ಮೀ. ತೋಟಾ ಹಾರಿಸುವ 2ಎ ಮತ್ತು 2ಎ1 ಮಾದರಿಗಳು ತಯಾರಾದವು. ಇವು ಹಳೆಯ .303 ರೈಫಲ್‌ಗೆ ಬೇರೆ ನಳಿಗೆ ತೊಡಿಸಿ ಮಾಡಿದವು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಇವು ಹೆಚ್ಚು ಗಟ್ಟಿಯಾದ ಉಕ್ಕಿನಿಂದ ಹೊಸದಾಗಿ ತಯಾರಾದ ಬಂದೂಕುಗಳು. 7.62 ತೋಟಾದ ಒತ್ತಡ .303ರದ್ದಕ್ಕಿಂತ ಹೆಚ್ಚು. ಮೊದಲನೆಯ ಮಹಾಯುದ್ಧದ ಕಾಲದ ಬೋಲ್ಟಿಗೆ ಅದನ್ನು ತಡೆಯುವ ಭರವಸೆಯಿಲ್ಲ. ಸೀಳಿದರೆ ಹಾರಿಸಿದವನ ಮುಖಕ್ಕೇ ಅಪಾಯ. ಹಳೆಯ ರೈಫಲನ್ನು ಮಾರ್ಪಡಿಸುವ ಮಾತಿನಲ್ಲಿ ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದ ಸಂಗತಿ ಇದು. 2ಎ1 ಮಾದರಿಯಲ್ಲಿ ಗುರಿಪಟ್ಟಿಯ ಅಳತೆಯನ್ನು 2000 ಮೀಟರಿನಿಂದ 800 ಮೀಟರಿಗೆ ಇಳಿಸಲಾಯಿತು. ಬರಿಗಣ್ಣಿನ ಸೈನಿಕನಿಗೆ ಎರಡು ಕಿಲೋಮೀಟರು ದೂರದ ಒಬ್ಬ ಮನುಷ್ಯ ಎಂದೂ ಗುರಿಯಾಗಿರಲಿಲ್ಲ ಎಂಬ ಅನುಭವದ ಒಪ್ಪಿಗೆ ಅದರಲ್ಲಿದೆ.

ನಿಖರತೆ ಎಂದರೇನು

ಬಂದೂಕಿನ ನಿಖರತೆಯನ್ನು ಒಂದು ಗುಂಡಿನಿಂದ ಅಳೆಯಲಾಗುವುದಿಲ್ಲ. ಅಲುಗಾಡದ ಆಸರೆಯ ಮೇಲಿಟ್ಟು ಐದೋ ಹತ್ತೋ ಗುಂಡು ಹಾರಿಸಿದಾಗ ಅವೆಲ್ಲ ಎಷ್ಟು ಅಗಲದೊಳಗೆ ಬಿದ್ದವು ಎಂಬುದೇ ಅಳತೆ. ಇದನ್ನು ಕೋನದ ನಿಮಿಷಗಳಲ್ಲಿ ಹೇಳುವುದು ವಾಡಿಕೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಈ ನಿಮಿಷವು 100 ಮೀಟರು ದೂರದಲ್ಲಿ ಸುಮಾರು 2.9 ಸೆಂ.ಮೀ. ಆಗುತ್ತದೆ. ನಾಲ್ಕು ನಿಮಿಷದ ರೈಫಲ್ 100 ಮೀಟರಿನಲ್ಲಿ ಅಂಗೈಯಗಲದಲ್ಲಿ ಗುಂಡುಗಳನ್ನು ಇಟ್ಟರೆ, 300 ಮೀಟರಿನಲ್ಲಿ ಅದೇ ಗುಂಪು ಸುಮಾರು 35 ಸೆಂ.ಮೀ. ಹರಡುತ್ತದೆ. ಕೋನ ಒಂದೇ, ದೂರ ಮಾತ್ರ ಬೇರೆ. ಗುಂಪು ಗುರಿಯಿಂದ ಪಕ್ಕಕ್ಕೆ ಬಿದ್ದರೆ ಗುರಿಪಟ್ಟಿಯನ್ನು ಸರಿಸಿ ತಿದ್ದಬಹುದು. ಗುಂಪೇ ಚದರಿದರೆ ಯಾವ ದುರ್ಬೀನೂ ಅದನ್ನು ತಿದ್ದಲಾರದು. ದುಬಾರಿ ದುರ್ಬೀನು ಕೂರಿಸಿದೊಡನೆ ಹಳೆಯ ಬಂದೂಕು ದೂರಗಾಮಿಯಾಗುತ್ತದೆ ಎಂದು ನಂಬುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಮಾರ್ಪಾಡಿನ ತತ್ತ್ವ

ಗುಂಡು ಹಾರುವಾಗ ನಳಿಗೆಯು ವೀಣೆಯ ತಂತಿಯಂತೆ ಕಂಪಿಸುತ್ತದೆ. ಪ್ರತಿ ಸಲವೂ ಅದು ಒಂದೇ ರೀತಿ ಕಂಪಿಸಿದರೆ ಗುಂಡುಗಳು ಒಂದೇ ಕಡೆ ಹೋಗುತ್ತವೆ. ಆದ್ದರಿಂದ ಮಾರ್ಪಾಡಿನ ಕೆಲಸವೆಲ್ಲ ಏಕರೂಪತೆಯನ್ನು ತರುವ ಕೆಲಸ. ಸೇನೆಗಾಗಿ ತಯಾರಾದ ರೈಫಲಿನಲ್ಲಿ ಮೊದಲು ಕೆಡುವುದು ಉಕ್ಕಲ್ಲ, ಮರ. ಗಿಡ್ಡ ಲೀ–ಎನ್‌ಫೀಲ್ಡಿನ ನಳಿಗೆಯನ್ನು ತುದಿಯವರೆಗೂ ಮರ ಮುಚ್ಚಿರುತ್ತದೆ. ಮರವು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ನಳಿಗೆಯನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಒತ್ತುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ ಬಿಸಿಲೆ ಘಟ್ಟದ ಹವೆಯಲ್ಲಿ ಇಂತಹ ಮರದ ಪಾಡನ್ನು ಊಹಿಸಬಹುದು. ಶಸ್ತ್ರಾಗಾರದ ಕುಶಲಕರ್ಮಿಗಳು ಬೋಲ್ಟಿನ ಮನೆ ಮರದಲ್ಲಿ ಕೂರುವ ಭಾಗವನ್ನು ಬಿಗಿಗೊಳಿಸಿ, ನಳಿಗೆಯ ಸುತ್ತ ಮರ ತಾಗುವ ಮತ್ತು ತಾಗದ ಜಾಗಗಳನ್ನು ನಿಗದಿಪಡಿಸಿ, ತುದಿಯಲ್ಲಿ ಸ್ಪ್ರಿಂಗಿನ ಒತ್ತಡವನ್ನು ಹದಗೊಳಿಸುತ್ತಿದ್ದರು. ಇಂದಿನ ರೈಫಲ್‌ಗಳಲ್ಲಿ ನಳಿಗೆಯನ್ನು ಮರಕ್ಕೆ ಎಲ್ಲಿಯೂ ತಾಗದಂತೆ ಬಿಡುವುದು ರೂಢಿ. ದಪ್ಪ ನಳಿಗೆಗೆ ಅದು ಒಪ್ಪುತ್ತದೆ. ಗಿಡ್ಡ ಲೀ–ಎನ್‌ಫೀಲ್ಡಿನ ತೆಳು ನಳಿಗೆ ಆಸರೆಯನ್ನು ನಿರೀಕ್ಷಿಸಿಯೇ ರೂಪಗೊಂಡದ್ದರಿಂದ ಅದೇ ಉಪಾಯ ಅದಕ್ಕೆ ಹಾನಿ ಮಾಡುವುದೂ ಉಂಟು.

ಈ ರೈಫಲಿನ ಒಂದು ವಿಚಿತ್ರ ಗುಣವನ್ನು ಗುರಿಕಾರರು ಬಹುಕಾಲದಿಂದ ಬಲ್ಲರು. ಹತ್ತಿರದಲ್ಲಿ ಸಾಧಾರಣವೆನಿಸಿದ ಬಂದೂಕು 800ರಿಂದ 1000 ಗಜಗಳ ದೂರದಲ್ಲಿ ನಿರೀಕ್ಷೆಗಿಂತ ಚೆನ್ನಾಗಿ ಹೊಡೆಯುತ್ತದೆ. ಇದಕ್ಕೆ ಕಾರಣ ಬೋಲ್ಟಿನ ರಚನೆ. ಅನೇಕ ರೈಫಲ್‌ಗಳಲ್ಲಿ ಬೋಲ್ಟ್ ಮುಂಭಾಗದಲ್ಲಿ, ಅಂದರೆ ತೋಟಾದ ಬೆನ್ನಲ್ಲೇ, ಸಿಕ್ಕಿಕೊಳ್ಳುತ್ತದೆ. ಲೀ ರಚನೆಯಲ್ಲಿ ಅದು ಹಿಂಭಾಗದಲ್ಲಿ ಸಿಕ್ಕಿಕೊಳ್ಳುವುದರಿಂದ ಹಾರಿಸಿದಾಗ ಇಡೀ ಚೌಕಟ್ಟು ತುಸು ಬಾಗಿ, ನಳಿಗೆಯ ತುದಿ ಮೇಲಕ್ಕೇಳುತ್ತಿರುತ್ತದೆ. ಮದ್ದು ತುಸು ಕಡಿಮೆ ಇರುವ ತೋಟಾದ ಗುಂಡು ನಿಧಾನವಾಗಿ, ತಡವಾಗಿ ಹೊರಬೀಳುತ್ತದೆ. ಅಷ್ಟರಲ್ಲಿ ನಳಿಗೆ ಇನ್ನೂ ಮೇಲೆದ್ದಿರುತ್ತದೆ. ಹೀಗೆ ನಿಧಾನದ ಗುಂಡಿಗೆ ಹೆಚ್ಚು ಏರುಕೋನ ದೊರೆತು, ದೂರದಲ್ಲಿ ಅದರ ಹೆಚ್ಚಿನ ಇಳಿತ ಸರಿಹೋಗುತ್ತದೆ. ಹತ್ತಿರದಲ್ಲಿ ಇದೇ ಗುಣವು ಗುಂಪನ್ನು ಮೇಲೆ ಕೆಳಗೆ ಎಳೆದು ಕೆಡಿಸುತ್ತದೆ. ಯಾರೂ ಉದ್ದೇಶಿಸದ ಈ ಹೊಂದಾಣಿಕೆಯಿಂದಾಗಿ ಇಂಗ್ಲೆಂಡಿನ ಬಿಸ್ಲಿ ಸ್ಪರ್ಧೆಗಳಲ್ಲಿ ದೂರದ ಗುರಿಗೆ ಲೀ–ಎನ್‌ಫೀಲ್ಡ್ ಬಹುಕಾಲ ಬೇಡಿಕೆಯಲ್ಲಿತ್ತು.

ಹಳೆಯ ನಳಿಗೆಗಳ ಇನ್ನೊಂದು ಶತ್ರು ತುಕ್ಕು. ಹಿಂದಿನ ತೋಟಾಗಳ ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಉಪ್ಪಿನ ಶೇಷವನ್ನು ಬಿಡುತ್ತದೆ. ಅದು ಹವೆಯ ತೇವವನ್ನು ಹೀರಿ ಗೀರುಗಳನ್ನು ತಿನ್ನುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಆದ್ದರಿಂದಲೇ ಸೈನಿಕರು ನಳಿಗೆಗೆ ಕುದಿಯುವ ನೀರು ಹೊಯ್ದು ತೊಳೆದು, ಆಮೇಲೆ ಎಣ್ಣೆ ಸವರುತ್ತಿದ್ದರು. ಗೀರು ಸವೆದ ನಳಿಗೆಗೆ ಚಿಕಿತ್ಸೆಯಿಲ್ಲ, ಬದಲಿಸಬೇಕಷ್ಟೆ.

ಪ್ರಸಿದ್ಧ ಉದಾಹರಣೆ

ಸೇನಾ ರೈಫಲನ್ನು ದೂರದ ಗುರಿಗಾಗಿ ಮಾರ್ಪಡಿಸಿದ ಅತ್ಯಂತ ಹೆಸರಾಂತ ನಿದರ್ಶನ ಎರಡನೆಯ ಮಹಾಯುದ್ಧದ 4ನೇ ಸಂಖ್ಯೆಯ ಲೀ–ಎನ್‌ಫೀಲ್ಡ್ 'ಟಿ' ಮಾದರಿ. ಕಾರ್ಖಾನೆಯ ಪರೀಕ್ಷೆಯಲ್ಲಿ ಚೆನ್ನಾಗಿ ಹೊಡೆದ ರೈಫಲ್‌ಗಳನ್ನು ಮಾತ್ರ ಆರಿಸಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಕಳುಹಿಸಲಾಗುತ್ತಿತ್ತು. ಅಲ್ಲಿ ಮರವನ್ನು ಸರಿಪಡಿಸಿ, ಕೆನ್ನೆಯಾಸರೆ ಸೇರಿಸಿ, ದುರ್ಬೀನು ಕೂರಿಸಲಾಗುತ್ತಿತ್ತು. ಹೀಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೈಫಲ್‌ಗಳು ಸಿದ್ಧವಾದವು. ಇವುಗಳಲ್ಲಿ ಕೆಲವಕ್ಕೆ ಮುಂದೆ 7.62 ಮಿ.ಮೀ.ನ ದಪ್ಪ ನಳಿಗೆ ತೊಡಿಸಿ ಎಲ್42ಎ1 ಎಂದು ಹೆಸರಿಸಲಾಯಿತು. ಈ ಮಾರ್ಪಾಡನ್ನು ತಾಳಿಕೊಂಡದ್ದು ಗಟ್ಟಿಯಾದ 4ನೇ ಸಂಖ್ಯೆಯ ಚೌಕಟ್ಟು ಎಂಬುದನ್ನು ಗಮನಿಸಬೇಕು.

.315 ರೈಫಲ್ ಮತ್ತು ಕಾನೂನು

ಬ್ರಿಟಿಷ್ ಆಡಳಿತವು ಸೇನೆಯ .303 ತೋಟಾ ಜನರ ಕೈಸೇರದಂತೆ ನಾಗರಿಕರಿಗೆ ಆ ಬೋರನ್ನು ನಿರ್ಬಂಧಿಸಿತು. ಬಂದೂಕು ತಯಾರಕರು ಅದೇ ಲೀ ರಚನೆಗೆ ತುಸು ದಪ್ಪನೆಯ .315 ನಳಿಗೆಯನ್ನು ಕೂರಿಸಿ ಭಾರತಕ್ಕೆ ಮಾರಿದರು. ಸ್ವಾತಂತ್ರ್ಯದ ನಂತರ ಈಶಾಪುರದ ಕಾರ್ಖಾನೆಯೂ ನಾಗರಿಕರಿಗಾಗಿ .315 ರೈಫಲ್ ತಯಾರಿಸಿತು. 2021ರ ಅಕ್ಟೋಬರ್ 1ರಿಂದ ಆ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಯ ಅಧೀನದಲ್ಲಿದೆ. ಭಾರತದ ಮಟ್ಟಿಗೆ ಸೇನಾ ರೈಫಲಿನ ಕಾನೂನುಬದ್ಧ ನಾಗರಿಕ ರೂಪ ಇದೊಂದೇ ಎನ್ನಬಹುದು. .303 ಇಂದಿಗೂ ನಿಷೇಧಿತ ಬೋರುಗಳ ಪಟ್ಟಿಯಲ್ಲಿದೆ.

1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮು ಬಂದೂಕಿನ ತಯಾರಿಕೆ ಮತ್ತು ಮಾರಾಟಕ್ಕೆ ಮಾತ್ರವಲ್ಲ, ವೃತ್ತಿಯಾಗಿ ಮಾಡುವ ರಿಪೇರಿ ಮತ್ತು ಪರಿವರ್ತನೆಗೂ ಪರವಾನಗಿ ಬೇಕೆನ್ನುತ್ತದೆ. ನಳಿಗೆಯನ್ನು ಮೋಟು ಮಾಡುವುದಕ್ಕೂ 6ನೇ ಕಲಮಿನ ಪ್ರಕಾರ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಅದನ್ನು ಬದಲಾಯಿಸುವ ಹಕ್ಕನ್ನು ಕೊಡುವುದಿಲ್ಲ. 2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಗಡಿಯ ಈಚೆ ಸಕಲೇಶಪುರದ ಹಿಡುವಳಿದಾರನಿಗೆ ಅದು ಅನ್ವಯಿಸುವುದಿಲ್ಲ. ನಿಖರ ಗುರಿಯ ಆಸಕ್ತಿಯಿರುವ ವಿದ್ಯಾರ್ಥಿಗಳಿಗೆ 1951ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ ಮತ್ತು ಅದರ ರಾಜ್ಯ ಶಾಖೆಗಳ ಮೈದಾನಗಳೇ ಸರಿಯಾದ ದಾರಿ.

ಸಕಲೇಶಪುರ–ಆಲೂರು ಪ್ರದೇಶದಲ್ಲಿ

ಮಂಜರಾಬಾದ್ ಎಂಬ ಹಳೆಯ ಹೆಸರಿನ ಈ ಸೀಮೆಗೆ ಹತ್ತೊಂಬತ್ತನೆಯ ಶತಮಾನದ ನಡುವೆ ಬಂದ ಕಾಫಿ ತೋಟಗಾರರಲ್ಲಿ ರಾಬರ್ಟ್ ಎಲಿಯಟ್ ಒಬ್ಬನು. 1894ರಲ್ಲಿ ಪ್ರಕಟವಾದ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಎಂಬ ಅವನ ಗ್ರಂಥದಲ್ಲಿ ಕಾಫಿ ಬೇಸಾಯದೊಂದಿಗೆ ಬೇಟೆಯ ಅಧ್ಯಾಯಗಳೂ ಇವೆ. ತೋಟದ ಬಂಗಲೆಗಳಲ್ಲಿ ರೈಫಲ್ ಶೋಕಿಯ ವಸ್ತುವಾಗಿದ್ದ ಆ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಮುಗಿಯಿತು.

ಇಂದು ಇಲ್ಲಿನ ರೈತರ ಮನೆಯಲ್ಲಿರುವುದು ಬಹುತೇಕ ಗೀರುಗಳಿಲ್ಲದ ನಳಿಗೆಯ ಕೋವಿ: ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಇಲ್ಲವೇ ಒಂಟಿ ಅಥವಾ ಜೋಡಿ ನಳಿಗೆಯ ತೋಟಾ ಕೋವಿ. ಚರೆಯ ತೋಟಾದ ಪರಿಣಾಮ ನಾಲ್ಕೈದು ಹತ್ತು ಮೀಟರುಗಳಿಗೆ ಮುಗಿಯುತ್ತದೆ. ಭತ್ತದ ಗದ್ದೆಗೆ ಇಳಿದ ಹಂದಿಯನ್ನೋ ಮಂಗನ ಹಿಂಡನ್ನೋ ಶಬ್ದದಿಂದ ಬೆದರಿಸುವುದಕ್ಕೆ ಅಷ್ಟು ಸಾಕು. ಚುನಾವಣೆ ಬಂದಾಗ ಈ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುವುದು ಬೆಳೆಗಾರರ ಹಳೆಯ ಅಳಲು.

ದೂರಗಾಮಿ ರೈಫಲಿಗೆ ಈ ನೆಲವೇ ಒಗ್ಗುವುದಿಲ್ಲ. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳಿನಲ್ಲಿ ಬೆಳೆದ ಕಾಫಿಯ ನಡುವೆ ಐವತ್ತು ಮೀಟರು ನೇರ ನೋಟ ಸಿಗುವುದೇ ಕಷ್ಟ. ರೈಫಲಿನ ಗುಂಡಾದರೋ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಗುರಿ ತಪ್ಪಿದ ಅಥವಾ ಗುರಿಯನ್ನು ಹಾಯ್ದು ಹೋದ ಗುಂಡು ಪೊದೆಯ ಆಚೆಗಿನ ಲೈನ್ ಮನೆಯನ್ನೋ, ಹಣ್ಣು ಕೊಯ್ಯುವ ಆಳುಗಳನ್ನೋ, ರಸ್ತೆಯನ್ನೋ ಸೇರಬಹುದು.

ಆನೆಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಕಾಫಿ ತೋಟಗಳಲ್ಲಿಯೇ ನೆಲೆಸಿರುವ ಹಿಂಡುಗಳಿಂದ ಈ ಎರಡು ತಾಲ್ಲೂಕುಗಳಲ್ಲಿ ಜನರ ಪ್ರಾಣಹಾನಿ ಮರುಕಳಿಸುತ್ತಲೇ ಇದೆ. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿತು; 2014ರ ಸುಮಾರಿಗೆ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಜನರ ಸಿಟ್ಟಿಗೆ ಕಾರಣವಿದೆ. ಆದರೆ ಗುಂಡು ತಗುಲಿ ಸಾಯದೆ ಉಳಿದ ಆನೆ ಮೊದಲಿಗಿಂತ ಅಪಾಯಕಾರಿ. ಆನೆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಗುಂಡು ಹಾರಿಸಿದವನಿಗೆ ಸೆರೆವಾಸವೂ ಕಾದಿರುತ್ತದೆ.

ಇಲ್ಲಿ ಕಾನೂನುಬದ್ಧವಾಗಿ ಆನೆಗೆ ಗುರಿಯಿಡುವ ಬಂದೂಕು ಅರಣ್ಯ ಇಲಾಖೆಯ ಅರಿವಳಿಕೆ ಬಂದೂಕು. ಅದರ ಚುಚ್ಚುಮದ್ದಿನ ಬಾಣ ಕೆಲವು ಹತ್ತು ಮೀಟರು ಮಾತ್ರ ಸರಿಯಾಗಿ ಹಾರುವುದರಿಂದ ಗುರಿಕಾರ ಆನೆಯ ಬಳಿಗೇ ಹೋಗಬೇಕು. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಕಾಡಾನೆಗೆ ಚಿಕಿತ್ಸೆಗಾಗಿ ಅರಿವಳಿಕೆ ನೀಡಲು ಹೋದ ಇಲಾಖೆಯ ನುರಿತ ಗುರಿಕಾರರೊಬ್ಬರು ಅದರ ದಾಳಿಯಿಂದ ಮೃತಪಟ್ಟರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ, ಮೈಸೂರು ದಸರಾದ ಚಿನ್ನದ ಅಂಬಾರಿಯನ್ನು ಎಂಟು ಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಡನೆ ಕಾದಾಡಿ ಸತ್ತಿತು.