ಎರಡು ಅರ್ಧ ಸೇರಿ ಒಂದು ಹೆರಾಲ್ಡ್: ಹಳೇ ಕಾರು ಪಾರ್ಟ್ಸ್ ಹರಾಜಿನ ಹಿಸ್ಟರಿ

(ಭಾಗ 1/8: ಬಿಳಿ ಕಾರು)

ಫ್ರೆಂಡ್ಸ್, ಈ ಸಲದ ಹಿಸ್ಟರಿ ಸರಣಿಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಬಿಳಿ ಕಾರು ಇದೆ.

1960ರ ದಶಕದ ಇಂಗ್ಲೆಂಡ್. ಒಂದು ಪುಟ್ಟ ಜಾಹೀರಾತು ಬಂತು: ಹೆರಾಲ್ಡ್ ಕನ್ವರ್ಟಿಬಲ್, ಬಿಳಿ ಬಣ್ಣ, 1961ರ ಮಾಡೆಲ್, ಎರಡು ಕಾರ್ಬುರೇಟರ್. ಒಬ್ಬರು ಹೋಗಿ ಕಾರು ನೋಡಿದರು. ಹಿಂದುಗಡೆ '1200' ಅನ್ನೋ ಬ್ಯಾಡ್ಜ್ ಇತ್ತು. ಸರಿ, 1961ರದ್ದೇ ಅಂತ ನಂಬಿ ದುಡ್ಡು ಕೊಟ್ಟು ತಂದರು.

ಆಮೇಲೆ ಗ್ಯಾರೇಜ್‌ನಲ್ಲಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು, ಅದು ಒಂದು ಕಾರೇ ಅಲ್ಲ! ಹಿಂದಿನ ಅರ್ಧ 1961ರ ಹೆರಾಲ್ಡ್ 1200. ಮುಂದಿನ ಅರ್ಧ ಅದಕ್ಕೂ ಹಳೇ ಮಾಡೆಲ್. ಮಧ್ಯದಲ್ಲಿ ವೆಲ್ಡಿಂಗ್.

ಇದು ಕಥೆಯಲ್ಲ, ನಿಜವಾದ ಕೇಸು. ಹೆಸರು ಬೀಲ್ ವರ್ಸಸ್ ಟೇಲರ್, 1967. ಮಜಾ ಏನಂದ್ರೆ, ಮಾರಿದವರಿಗೂ ವಿಷಯ ಗೊತ್ತಿರಲಿಲ್ಲ. ಅವರೂ ಒಳ್ಳೇ ಮನಸ್ಸಿಂದಲೇ ಮಾರಿದ್ದರು. ಕೊಂಡವರು ಕಾರನ್ನ ಕಣ್ಣಾರೆ ನೋಡಿಯೇ ಕೊಂಡಿದ್ದರು. ಆದ್ರೂ ಮೇಲ್ಮನವಿ ಕೋರ್ಟ್ ಕೊಂಡವರ ಪರ ನಿಂತಿತು. '1961' ಅಂತ ಬರೆದ ಮೇಲೆ ಕಾರು 1961ರದ್ದೇ ಆಗಿರಬೇಕು, ಅಷ್ಟೇ. ಗುಜರಿ ಬೆಲೆ ಕಳೆದು 125 ಪೌಂಡ್ ಪರಿಹಾರ ಸಿಕ್ಕಿತು.

ಅಂದಹಾಗೆ ಹೆರಾಲ್ಡ್ ನಮಗೇನೂ ದೂರದ ಕಾರಲ್ಲ. 1961ರಿಂದ ಮದ್ರಾಸಿನಲ್ಲೂ ಅದು 'ಸ್ಟ್ಯಾಂಡರ್ಡ್ ಹೆರಾಲ್ಡ್' ಹೆಸರಲ್ಲಿ ತಯಾರಾಗ್ತಿತ್ತು. ನಿಮ್ಮ ಅಜ್ಜನನ್ನ ಕೇಳಿ ನೋಡಿ, ಬಹುಶಃ ನೆನಪಿರುತ್ತೆ.

(ಭಾಗ 2/8: ಕಟಾವು ಯಂತ್ರ)

ಈಗ ಇನ್ನೂ ಹಿಂದಕ್ಕೆ ಹೋಗೋಣ. 1900ನೇ ಇಸವಿ, ಅದೇ ಇಂಗ್ಲೆಂಡ್. ಒಂದು ಸೆಕೆಂಡ್ ಹ್ಯಾಂಡ್ ಕಟಾವು ಯಂತ್ರ ಮಾರಾಟಕ್ಕಿತ್ತು. ಮಾರುವವರು ಹೇಳಿದ್ದು ಇಷ್ಟು: ಹೋದ ವರ್ಷ ಹೊಸದಾಗಿ ತಂದಿದ್ದು, ಬರೀ 50-60 ಎಕರೆ ಕಟಾವು ಮಾಡಿದೆ. ಕೊಳ್ಳುವವರು ಯಂತ್ರದ ಮುಖವನ್ನೂ ನೋಡಿರಲಿಲ್ಲ, ಮಾತು ನಂಬಿ ಒಪ್ಪಿಕೊಂಡರು. ಬಂದಿದ್ದು ನೋಡಿದ್ರೆ ತುಂಬಾ ಹಳೇ ಯಂತ್ರ, ರಿಪೇರಿ ಮಾಡಿ ಮಾಡಿ ಸವೆದದ್ದು. ವಾಪಸ್ ಕಳಿಸಿದರು. ವಾರ್ಲಿ ವರ್ಸಸ್ ವಿಪ್ ಕೇಸಿನಲ್ಲಿ ಕೋರ್ಟ್ ಕೂಡ ಹೌದು ಅಂತು: ವಸ್ತು ನೋಡದೇ ವಿವರಣೆ ನಂಬಿ ಕೊಂಡಿದ್ದಾರೆ, ಬಂದಿದ್ದು ಆ ವಿವರಣೆಗೆ ಹೊಂದ್ತಿಲ್ಲ, ಹಾಗಾಗಿ ಬೇಡ ಅನ್ನಬಹುದು.

ಬಿಕಾಂ ಓದ್ತಿರೋರು ಬಿಸಿನೆಸ್ ಲಾ ನೋಟ್ಸ್ ತೆಗೀರಿ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 15 ಹೇಳೋದು ಇದನ್ನೇ. ಆ ಕಾಯ್ದೆಯ ಬೇರು ಇಂಗ್ಲೆಂಡಿನ 1893ರ ಕಾಯ್ದೆಯಲ್ಲಿದೆ.

ನೋಡದೇ ಕೊಳ್ಳೋದು, ವಿವರಣೆ ನಂಬೋದು, ಪಾರ್ಸೆಲ್ ಬಿಚ್ಚಿದಾಗ ಬೇರೇನೋ ಇರೋದು. ಇದು ಇಂಟರ್ನೆಟ್ ತಂದ ಕಾಯಿಲೆ ಅಂತ ನಾವು ಅಂದ್ಕೊಂಡಿದ್ದೀವಿ. ಅಲ್ಲ. ಇಂಟರ್ನೆಟ್ ಅದಕ್ಕೆ ಜಾಸ್ತಿ ಗಿರಾಕಿ ತಂದುಕೊಟ್ಟಿತು, ಅಷ್ಟೇ.

(ಭಾಗ 3/8: ನಿಂಬೆಹಣ್ಣು)

ನಾವು ಹೊಸ ಗಾಡಿ ತಂದ್ರೆ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀವಿ. ಅಮೆರಿಕದಲ್ಲಿ ಕೆಟ್ಟ ಗಾಡಿಯನ್ನೇ ನಿಂಬೆಹಣ್ಣು ಅಂತಾರೆ!

1970ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ ಈ 'ನಿಂಬೆಹಣ್ಣಿನ ಮಾರುಕಟ್ಟೆ' ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಅದಕ್ಕೂ ಮೊದಲು ಮೂರು ಜರ್ನಲ್‌ಗಳು ಅದನ್ನ ಬೇಡ ಅಂದಿದ್ದವು. 2001ರಲ್ಲಿ ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂತು. (ರಿಜೆಕ್ಟ್ ಆದ ಅಸೈನ್‌ಮೆಂಟ್ ಇಟ್ಕೊಂಡು ಅಳ್ತಿರೋರು ಗಮನಿಸಿ.)

ಅವರ ತರ್ಕ ಸರಳ. ಹಳೇ ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಹೆದರಿಕೊಂಡು ಎಲ್ಲದಕ್ಕೂ ಕಮ್ಮಿ ರೇಟೇ ಕೇಳ್ತಾನೆ. ಆ ರೇಟಿಗೆ ಒಳ್ಳೇ ಕಾರು ಇರೋನು ಯಾಕೆ ಮಾರ್ತಾನೆ? ಅವನು ಮನೆಗೆ ಹೋಗ್ತಾನೆ. ಸಂತೆಯಲ್ಲಿ ಉಳಿಯೋದು ನಿಂಬೆಹಣ್ಣು ಮಾತ್ರ.

ಅಂದ್ರೆ ಒಂದು ಸುಳ್ಳು ಲಿಸ್ಟಿಂಗ್‌ನಿಂದ ನಷ್ಟ ಆಗೋದು ಕೊಂಡ ಒಬ್ಬನಿಗಷ್ಟೇ ಅಲ್ಲ. ಪಕ್ಕದಲ್ಲಿ ನಿಯತ್ತಾಗಿ ವ್ಯಾಪಾರ ಮಾಡ್ತಿರೋನ ಹೊಟ್ಟೆಗೂ ಅದು ಹೊಡೆಯುತ್ತೆ. ಈ ಮಾತು ನೆನಪಿಟ್ಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

(ಭಾಗ 4/8: ಕೆಟ್ಟುಹೋದ ಲೇಸರ್)

1995ರ ಸೆಪ್ಟೆಂಬರ್, ಕ್ಯಾಲಿಫೋರ್ನಿಯಾ. ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ 'ಆಕ್ಷನ್‌ವೆಬ್' ಅನ್ನೋ ಹರಾಜು ತಾಣ ಶುರು ಮಾಡಿದರು. ಅದೇ ಮುಂದೆ ಇಬೇ ಆಯ್ತು. ಅಲ್ಲಿ ಮೊದಲು ಮಾರಾಟವಾಗಿದ್ದು ಒಂದು ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಅದೂ ಕೆಟ್ಟುಹೋಗಿದ್ದು! ಇದು ಕೆಟ್ಟಿದೆ ಅಂತ ನಿಮಗೆ ಗೊತ್ತು ತಾನೇ ಅಂತ ಒಮಿಡ್ಯಾರ್ ಕೇಳಿದರಂತೆ. ಗೊತ್ತು, ನಾನು ಕೆಟ್ಟ ಲೇಸರ್‌ಗಳನ್ನೇ ಕೂಡಿಡ್ತೀನಿ ಅಂದರಂತೆ ಆ ಗಿರಾಕಿ.

ಇಲ್ಲಿ ಒಂದು ಪಾಠ ಇದೆ. ಕೆಟ್ಟ ವಸ್ತು ಮಾರೋದು ಮೋಸ ಅಲ್ಲ, ಕೆಟ್ಟಿದೆ ಅನ್ನೋದನ್ನ ಮುಚ್ಚಿಡೋದು ಮೋಸ. ಹಳೇ ಕಾರು ರಿಪೇರಿ ಮಾಡೋರು ತುಕ್ಕು ಹಿಡಿದ ಕಾರ್ಬುರೇಟರ್ ಕೂಡ ಖುಷಿಯಿಂದ ಕೊಳ್ತಾರೆ, ಒಳಗಿನ ಒಂದು ಜೆಟ್ ಸಿಕ್ಕರೂ ಸಾಕು ಅಂತ. ಆದ್ರೆ ತುಕ್ಕು ಇದೆ ಅಂತ ಮೊದಲೇ ಗೊತ್ತಿರಬೇಕು.

1996ರಲ್ಲಿ ಒಮಿಡ್ಯಾರ್ ಫೀಡ್‌ಬ್ಯಾಕ್ ಪದ್ಧತಿ ತಂದರು. ಊರಿನ ಅಂಗಡಿಗೆ ಹೆಸರು ಇರುತ್ತಲ್ಲ, ಹಾಗೆ ಕಣ್ಣಿಗೆ ಕಾಣದ ವ್ಯಾಪಾರಿಗೂ ಒಂದು ಹೆಸರು ಬರಲಿ ಅಂತ. ಐಡಿಯಾ ಚೆನ್ನಾಗೇ ಇತ್ತು. ಆದ್ರೆ ನೀವು ನನಗೆ ಕೆಟ್ಟದು ಬರೆದ್ರೆ ನಾನೂ ನಿಮಗೆ ಕೆಟ್ಟದು ಬರೀತೀನಿ ಅನ್ನೋ ಭಯಕ್ಕೆ ಎಷ್ಟೋ ಜನ ಸುಮ್ಮನಾದರು. ಕೊನೆಗೆ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ಕೆಟ್ಟ ಫೀಡ್‌ಬ್ಯಾಕ್ ಕೊಡೋ ಹಾಗಿಲ್ಲ ಅಂತ ಇಬೇ ನಿಯಮ ಬದಲಿಸಿತು.

(ಭಾಗ 5/8: ಬರೆಯದೇ ಹೇಳಿದ ಸುಳ್ಳು)

2000ನೇ ಇಸವಿ. ಇಬೇಯಲ್ಲಿ ಒಂದು ಅಮೂರ್ತ ಪೇಂಟಿಂಗ್ ಹರಾಜಿಗೆ ಬಂತು. ಎಲ್ಲೋ ಹಳೇ ಸಾಮಾನಿನ ಜೊತೆ ಸಿಕ್ಕಿದ್ದು ಅನ್ನೋ ಥರದ ವಿವರಣೆ. ಚಿತ್ರಕಾರ ಯಾರು ಅಂತ ಎಲ್ಲೂ ಬರೆದಿರಲಿಲ್ಲ. ಫೋಟೋದಲ್ಲಿ ಮಾತ್ರ ಮೂಲೆಯಲ್ಲಿ 'ಆರ್‌ಡಿ 52' ಕಾಣ್ತಿತ್ತು. ಜನ ತಾವೇ ಊಹೆ ಮಾಡಿದರು: ಓಹೋ, ಇದು ಪ್ರಸಿದ್ಧ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ ಕೃತಿ, ಮಾರ್ತಿರೋ ಪಾಪದವನಿಗೆ ಗೊತ್ತೇ ಇಲ್ಲ! ಬಿಡ್ 1,35,805 ಡಾಲರ್‌ಗೆ ಹೋಯ್ತು. ಆಮೇಲೆ ನೋಡಿದ್ರೆ ಮಾರ್ತಿದ್ದವನೇ ತನ್ನ ವಸ್ತುವಿಗೆ ಬಿಡ್ ಹಾಕಿದ್ದ. ಇಬೇ ಆ ಮಾರಾಟ ರದ್ದು ಮಾಡಿತು. ವಿಷಯ ಕೋರ್ಟ್‌ವರೆಗೂ ಹೋಗಿ ತಪ್ಪೊಪ್ಪಿಗೆಯೂ ಆಯ್ತು.

ಪೇಂಟಿಂಗ್‌ಗೂ ಕಾರಿಗೂ ಏನು ಸಂಬಂಧ ಅಂತೀರಾ? ಟೆಕ್ನಿಕ್ ಒಂದೇ. ಸುಳ್ಳು ಬರೆಯಲ್ಲ. ನಾವೇ ನಮಗೆ ಸುಳ್ಳು ಹೇಳಿಕೊಳ್ಳೋ ಹಾಗೆ ಫೋಟೋ ಇಡ್ತಾರೆ.

ನಮ್ಮ ಸೋದರಮಾವನ ಹತ್ರ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಅದಕ್ಕೆ ಹಿಂದಿನ ಲೈಟಿನ ಗಾಜು ಬೇಕಿತ್ತು. ಆನ್‌ಲೈನ್‌ನಲ್ಲಿ ಒಂದು ಸಿಕ್ತು. ಫೋಟೋದಲ್ಲಿ ಹಳೇ ಕಂಪನಿ ಡಬ್ಬಿ, ಪಕ್ಕದಲ್ಲಿ ಗಾಜು. ಬಂದಿದ್ದು ಹೊಸ ಪ್ಲಾಸ್ಟಿಕ್‌ನ ನಕಲು, ಡಬ್ಬಿಯೂ ಇಲ್ಲ. ಕೇಳಿದ್ದಕ್ಕೆ ಉತ್ತರ ಏನು ಗೊತ್ತಾ? 'ಪದ್ಮಿನಿಗೆ ಹೊಂದುತ್ತೆ ಅಂತ ಬರೆದಿದ್ದೀನಿ ಸರ್, ಒರಿಜಿನಲ್ ಅಂತ ಎಲ್ಲಿ ಬರೆದಿದ್ದೀನಿ?' ಮಾವ ತಿರುಗಿ ಓದಿದರು. ನಿಜ, ಎಲ್ಲೂ ಬರೆದಿರಲಿಲ್ಲ.

(ಭಾಗ 6/8: ಪದಗಳ ಪೋಸ್ಟ್‌ಮಾರ್ಟಂ)

ಇಬೇ 2000ದಲ್ಲಿ ವಾಹನಗಳಿಗೆ ಅಂತಲೇ ಪ್ರತ್ಯೇಕ ವಿಭಾಗ ಶುರು ಮಾಡಿತು. ಗುಜರಿ ಅಂಗಡಿಯ ಭಾಷೆ ಹಾಗೇ ಸ್ಕ್ರೀನ್ ಮೇಲೆ ಬಂತು. ಕೆಲವು ಪದ ನೋಡಿ.

'ಎನ್‌ಒಎಸ್' ಅಂದ್ರೆ ನ್ಯೂ ಓಲ್ಡ್ ಸ್ಟಾಕ್. ಆ ಕಾಲದಲ್ಲೇ ತಯಾರಾಗಿ, ಮಾರಾಟವಾಗದೇ ಅಂಗಡಿ ಅಟ್ಟದ ಮೇಲೆ ಉಳಿದ ಹೊಸ ಪಾರ್ಟ್. ಇದಕ್ಕೆ ಬೆಲೆ ಜಾಸ್ತಿ. ಅದಕ್ಕೇ ಹಳೇ ಡಿಸೈನ್ ನೋಡಿ ಮೊನ್ನೆ ಮಾಡಿದ ನಕಲಿಗೂ ಇದೇ ಹೆಸರು ಅಂಟಿಸ್ತಾರೆ.

'ಒಇಎಂ ಸ್ಟೈಲ್'. ಈ 'ಸ್ಟೈಲ್' ಅನ್ನೋ ಬಾಲ ಇದ್ರೆ ಅದು ಕಂಪನಿಯದ್ದಲ್ಲ ಅಂತಲೇ ಅರ್ಥ.

'ಎಲ್ಲಾ ಬೀಟಲ್‌ಗೂ ಹೊಂದುತ್ತೆ'. ಫೋಕ್ಸ್‌ವ್ಯಾಗನ್ ಬೀಟಲ್ ನೋಡೋಕೆ ದಶಕಗಟ್ಟಲೆ ಒಂದೇ ಥರ ಇತ್ತು, ನಿಜ. ಆದ್ರೆ ಅಮೆರಿಕದಲ್ಲಿ ಮಾರ್ತಿದ್ದ ಬೀಟಲ್‌ಗಳು 1967ರ ಮಾಡೆಲ್‌ನಲ್ಲಿ 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಬದಲಾದವು. 6 ವೋಲ್ಟ್ ಬಲ್ಬ್ 12 ವೋಲ್ಟ್ ಕಾರಿಗೆ ಹಾಕಿದ್ರೆ ಸುಟ್ಟು ಹೋಗುತ್ತೆ. ಹೊರಗಿಂದ ಹೊಂದಿದ್ರೆ ಸಾಕಾ?

'ಮೇಡ್ ಇನ್ ವೆಸ್ಟ್ ಜರ್ಮನಿ' ಮುದ್ರೆ. ಪಶ್ಚಿಮ ಜರ್ಮನಿ ಅನ್ನೋ ದೇಶ ಇದ್ದದ್ದು 1949ರಿಂದ 1990ರವರೆಗೆ. ಹಾಗಾಗಿ 1938ರ ಕಾರಿನ ಜೊತೆಗೇ ಬಂದ ಪಾರ್ಟ್ ಅಂತ ಹೇಳಿ ಈ ಮುದ್ರೆ ತೋರಿಸಿದ್ರೆ, ಹಿಸ್ಟರಿ ಓದಿರೋರು ನಗಬಹುದು.

'ಟೆಸ್ಟ್ ಮಾಡಿಲ್ಲ, ಇದ್ದ ಹಾಗೇ'. ಕೆಲವರು ನಿಜವಾಗಿಯೂ ಟೆಸ್ಟ್ ಮಾಡಿರಲ್ಲ. ಕೆಲವರು ಮಾಡಿ ನೋಡಿಯೇ ಹೀಗೆ ಬರೆದಿರ್ತಾರೆ.

(ಭಾಗ 7/8: ನಮ್ಮ ಕಡೆ)

ಇಂಡಿಯಾದಲ್ಲಿ 2000ದಲ್ಲಿ 'ಬಾಜೀ' ಅನ್ನೋ ಹರಾಜು ತಾಣ ಶುರುವಾಯ್ತು. 2004ರಲ್ಲಿ ಇಬೇ ಅದನ್ನ ಕೊಂಡಿತು. 2017ರಲ್ಲಿ ಇಬೇ ಇಂಡಿಯಾ ಫ್ಲಿಪ್‌ಕಾರ್ಟ್ ಕೈ ಸೇರಿ, 2018ರಲ್ಲಿ ಬಾಗಿಲು ಹಾಕಿತು. ಹಳೇ ಪಾರ್ಟ್ಸ್ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಅದು ಗ್ರೂಪ್‌ಗಳಿಗೆ, ಪೇಜ್‌ಗಳಿಗೆ, ಡಿಎಂಗಳಿಗೆ ಬಂತು. ಕಾಮೆಂಟ್‌ನಲ್ಲೇ ಬಿಡ್ ಕೂಗೋದನ್ನ ನೀವೂ ನೋಡಿರ್ತೀರಿ.

ನಮ್ಮ ಮೈಸೂರಿನದ್ದೇ ಉದಾಹರಣೆ ತಗೊಳ್ಳಿ, ಕಾರಲ್ಲ, ಬೈಕು. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಿಸಿ, 1996ರಲ್ಲಿ ಮುಚ್ಚಿತು. ಹಾಗಿದ್ಮೇಲೆ ಆ ಹಳೇ ಯೆಜ್ಡಿಗೆ 'ಒರಿಜಿನಲ್, ಹೊಸ ಬ್ಯಾಚ್' ಅಂತ ಯಾರಾದ್ರೂ ಹಾಕಿದ್ರೆ ಸ್ವಲ್ಪ ಲೆಕ್ಕ ಹಾಕಿ. ಒರಿಜಿನಲ್ ಆದ್ರೆ ಹೊಸ ಬ್ಯಾಚ್ ಆಗಲ್ಲ, ಹೊಸ ಬ್ಯಾಚ್ ಆದ್ರೆ ಒರಿಜಿನಲ್ ಆಗಲ್ಲ. ನಕಲು ಪಾರ್ಟ್ ಹಾಕೋದು ತಪ್ಪಲ್ಲ, ಎಷ್ಟೋ ಗಾಡಿ ಅದರಿಂದಲೇ ಓಡ್ತಿವೆ. ನಕಲಿಗೆ ಒರಿಜಿನಲ್ ರೇಟ್ ಕೊಡೋದು ಬೇಡ ಅಷ್ಟೇ. ಬ್ರೇಕ್, ಸ್ಟೀರಿಂಗ್ ಪಾರ್ಟ್ ಆದ್ರಂತೂ ರೇಟಿನ ಮಾತೂ ಅಲ್ಲ, ಜೀವದ ಮಾತು.

ಕಾನೂನು ಏನು ಹೇಳುತ್ತೆ? ಸೆಕ್ಷನ್ 15 ಆಗಲೇ ನೋಡಿದ್ವಿ. ಹರಾಜಿಗೆ ಅಂತ ಸೆಕ್ಷನ್ 64 ಇದೆ: ಬೆಲೆ ಏರಿಸೋಕೆ ಸುಳ್ಳು ಬಿಡ್ ಹಾಕಿಸಿದ್ರೆ, ಕೊಂಡವನು ಬೇಕಾದ್ರೆ ಆ ಮಾರಾಟವನ್ನೇ ರದ್ದು ಮಾಡಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ವಸ್ತುವನ್ನ ವಾಪಸ್ ತಗೊಳ್ಳಲ್ಲ ಅಂತ ಮಾರಾಟಗಾರ ಹೇಳೋ ಹಾಗಿಲ್ಲ. ದೂರು ಕೊಡೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದ್ರೆ ಮಾರೋನು ಬೇರೆ ದೇಶದಲ್ಲಿದ್ರೆ ಇದ್ಯಾವುದೂ ಸುಲಭ ಅಲ್ಲ. ಬರೋವಾಗ ಕಸ್ಟಮ್ಸ್ ಸುಂಕ, ವಾಪಸ್ ಕಳಿಸೋವಾಗ ಕೊರಿಯರ್ ಖರ್ಚು. ಎಷ್ಟೋ ಸಲ ಪಾರ್ಟ್‌ಗಿಂತ ಅದೇ ಭಾರ.

(ಭಾಗ 8/8: ಬರೆಸಿಕೊಳ್ಳಿ)

1900ರ ಯಂತ್ರ, 1967ರ ಹೆರಾಲ್ಡ್, ನಮ್ಮ ಮಾವನ ಗಾಜು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲ ಇಬ್ಬರು ಗೆದ್ದರು, ಯಾಕಂದ್ರೆ ಹೋದ ವರ್ಷದ್ದು, 1961ರದ್ದು ಅಂತ ಎದುರಿನವರು ಖಚಿತವಾಗಿ ಹೇಳಿದ್ದರು. ಮಾವನಿಗೆ ಯಾರೂ ಏನೂ ಹೇಳಿರಲಿಲ್ಲ, ಫೋಟೋ ಮಾತ್ರ ತೋರಿಸಿದ್ದರು. ನೂರಕ್ಕೂ ಹೆಚ್ಚು ವರ್ಷಗಳ ಈ ಹಿಸ್ಟರಿಯಲ್ಲಿ ಕೊಳ್ಳುವವನ ಕೈ ಹಿಡಿದಿರೋದು ಒಂದೇ: ಖಚಿತವಾದ ವಿವರಣೆ. ಅದಕ್ಕೇ ಮೋಸದ ಲಿಸ್ಟಿಂಗ್‌ಗಳು ಈಗ ಸುಳ್ಳು ಹೇಳಲ್ಲ, ಖಾಲಿ ಜಾಗ ಬಿಡ್ತವೆ.

ಆ ಖಾಲಿ ಜಾಗವನ್ನ ನೀವು ಬಿಡ್ ಹಾಕೋ ಮೊದಲೇ ತುಂಬಿಸಿ. ಮೆಸೇಜ್‌ನಲ್ಲಿ ನೇರವಾಗಿ ಕೇಳಿ: ಇದು ಒರಿಜಿನಲ್ಲಾ, ನಕಲಾ? ಯಾವ ವರ್ಷದ್ದು? ಪಾರ್ಟ್ ನಂಬರ್ ಏನು, ಅದು ಕಾಣೋ ಹಾಗೆ ಫೋಟೋ ಕಳಿಸ್ತೀರಾ? ಫೋಟೋದಲ್ಲಿರೋದೇ ನನಗೆ ಬರುತ್ತಾ, ಡಬ್ಬಿ ಸಮೇತ? ಕಾಲ್ ಮಾಡ್ತೀನಿ ಅಂದ್ರೆ, 'ಪರವಾಗಿಲ್ಲ ಅಣ್ಣಾ, ಇಲ್ಲೇ ಟೈಪ್ ಮಾಡಿ' ಅನ್ನಿ. ಉತ್ತರ ಬಂದ್ರೆ ಅದೇ ನಿಮ್ಮ ಸೆಕ್ಷನ್ 15, ಸ್ಕ್ರೀನ್‌ಶಾಟ್ ತೆಗೆದಿಡಿ. ಉತ್ತರ ಬರಲಿಲ್ಲ ಅಂದ್ರೆ ಅದೂ ಒಂದು ಉತ್ತರವೇ.

ಇನ್ನೊಂದು ಮಾತು. ನಮ್ಮ ಕ್ಲಾಸಲ್ಲೇ ನಾಲ್ಕೈದು ಜನ ಈಗ ಹಳೇ ಪಾರ್ಟ್ಸ್ ತಂದು ಪೇಜಲ್ಲಿ ಮಾರ್ತಿದ್ದೀರಿ. ನಿಮಗೂ ಇದು ಅನ್ವಯಿಸುತ್ತೆ. ನಕಲಾದ್ರೆ ನಕಲು ಅಂತ ಬರೀರಿ. ಬಿರುಕು ಇದ್ರೆ ಬಿರುಕಿನ ಫೋಟೋನೇ ಮೊದಲು ಹಾಕಿ. ಒಂದು ರೂಪಾಯಿ ಕಮ್ಮಿ ಬರಬಹುದು. ಆದ್ರೆ ಅಕರ್ಲಾಫ್ ಹೇಳಿದ ಸಂತೆ ನೆನಪಿದೆ ಅಲ್ವಾ? ಎಲ್ಲರೂ ಮುಚ್ಚಿಟ್ರೆ, ನಾಳೆ ನಿಮ್ಮ ಒಳ್ಳೇ ಮಾಲಿಗೂ ಯಾರೂ ಒಳ್ಳೇ ರೇಟ್ ಕೊಡಲ್ಲ. ಕೆಟ್ಟ ಲೇಸರ್‌ನ ಕೆಟ್ಟಿದೆ ಅಂತ ಹೇಳಿಯೇ ಮಾರಿದ ತಾಣ ಎಲ್ಲಿವರೆಗೆ ಬೆಳೀತು ನೋಡಿ.

ಸೇವ್ ಮಾಡ್ಕೊಳ್ಳಿ. ಮನೇಲಿ ಹಳೇ ಗಾಡಿ ಇಟ್ಕೊಂಡು ರಾತ್ರಿಯೆಲ್ಲಾ ಪಾರ್ಟ್ ಹುಡುಕೋ ಅಪ್ಪನೋ ಮಾವನೋ ಇದ್ರೆ ಅವರಿಗೂ ಕಳಿಸಿ. ನೀವು ನೋಡಿದ ಅತೀ ಚಾಲಾಕಿ ಲಿಸ್ಟಿಂಗ್ ಪದ ಯಾವುದು? ಕಾಮೆಂಟಲ್ಲಿ ಹಾಕಿ, ಮಾರಿದವರ ಹೆಸರು ಬೇಡ, ಪದ ಸಾಕು. ಮುಂದಿನ ವಾರ ಅವುಗಳದ್ದೇ ಪೋಸ್ಟ್‌ಮಾರ್ಟಂ ಮಾಡೋಣ.