ಮೂವತ್ತು ಬೈಟಿನಲ್ಲಿ ಜುಂಜಪ್ಪ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸರ್ಕಾರದ ಕಡತದಲ್ಲಿ ಒಟ್ಟಾಗಿ ಮಧುಗಿರಿ ಉಪವಿಭಾಗ. ಮಳೆ ಕಡಿಮೆ, ಕಡಲೆಕಾಯಿ ಹೆಚ್ಚು, ಹಾಡಿಗೆ ಮಾತ್ರ ಬರ ಬಂದದ್ದಿಲ್ಲ. ಶಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಎಂಬ ಕೊಳಲು ಊದುತ್ತ ಹೇಳುವ, ಗೊಲ್ಲರ ದೇವರು ಜುಂಜಪ್ಪನ ಕಥೆ, ಊರೂರಲ್ಲೂ ಬೆಳಗಿನವರೆಗೆ ನಡೆಯುವ ಕುರುಕ್ಷೇತ್ರ ನಾಟಕ, ಮಾರಮ್ಮನ ಜಾತ್ರೆಯ ಉರುಮೆ, ಪಾವಗಡದ ಕಡೆ ಒಂದೇ ರಾತ್ರಿಯಲ್ಲಿ ತೆಲುಗಿಗೂ ಕನ್ನಡಕ್ಕೂ ಹೊರಳಾಡುವ ಭಜನೆ. ಇವೆಲ್ಲ ಈಗ ಮೊಬೈಲು, ಪೆನ್‌ಡ್ರೈವು, ಮೆಮೊರಿ ಕಾರ್ಡುಗಳಲ್ಲಿ ಸೇರಿಕೊಂಡಿವೆ. ಯಾವ ಫಾರ್ಮ್ಯಾಟಿನಲ್ಲಿ ಇಟ್ಟರೆ ಧ್ವನಿ ಚೆನ್ನಾಗಿರುತ್ತದೆ ಎಂದು ಕೇಳುವವರು ಅನೇಕರಿದ್ದಾರೆ. ಹಾಡಿದವರು ಯಾರು, ಯಾವ ಊರಲ್ಲಿ, ಯಾವ ವರ್ಷ ಎಂಬುದನ್ನು ಎಲ್ಲಿ ಬರೆದಿಡಬೇಕು ಎಂದು ಕೇಳುವವರು ಅಪರೂಪ. ಹಳೆಯ ಸಂಗ್ರಹಗಳನ್ನು ನೋಡುತ್ತ ಬಂದವನಾಗಿ ಹೇಳುವುದಾದರೆ, ನಮ್ಮಲ್ಲಿ ಧ್ವನಿ ಹಾಳಾಗಿ ಕಳೆದುಹೋದ ಹಾಡಿಗಿಂತ ಹೆಸರು ಹೋಗಿ ಅನಾಥವಾದ ಹಾಡೇ ಹೆಚ್ಚು.

ಹಾಡಿಗೆ ಹೆಸರು ಅಂಟಿಸುವ ಕಷ್ಟ ಗ್ರಾಮಾಫೋನಿನಷ್ಟೇ ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಮಾಡಿಸಿಕೊಂಡ ಗಾಯಕಿ ಗೌಹರ್ ಜಾನ್ ಹಾಡು ಮುಗಿಯುತ್ತಿದ್ದಂತೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾಳೆ. ಕೇಳಿದವರು ಜಂಬ ಎಂದುಕೊಳ್ಳಬಹುದು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ; ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿದು ಸರಿಯಾದ ಲೇಬಲ್ ಹಚ್ಚಲಿ ಎಂಬುದು ಈ ಕೂಗಿನ ಉದ್ದೇಶ. ನಮ್ಮ ಹಾಡುಗಾರರಿಗೆ ಇದು ಹೊಸದೇನಲ್ಲ. ಪುರಂದರ ವಿಠಲ, ಕೂಡಲಸಂಗಮದೇವ, ಕೈವಾರ ತಾತಯ್ಯನವರ ಅಮರ ನಾರೇಯಣ ಎಲ್ಲವೂ ಹಾಡಿನೊಳಗೇ ಹೊಲಿದುಬಿಟ್ಟ ಹೆಸರುಗಳು. ಎಷ್ಟು ಬಾಯಿ ದಾಟಿದರೂ ಅಂಕಿತ ಕಳಚುವುದಿಲ್ಲ. ಆದರೆ ಅದು ಕಟ್ಟಿದವರ ಹೆಸರನ್ನಷ್ಟೇ ಉಳಿಸುತ್ತದೆ. ಹಾಡಿದವಳು ಕೊರಟಗೆರೆಯವಳೋ ಕೈವಾರದವಳೋ ಅಂಕಿತ ಹೇಳದು.

ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ನಾಟಕ ಕಂಪನಿಯ ಹಾಡುಗಳೇನೋ ಅಷ್ಟರಲ್ಲಿ ಮುದುಡಿ ಕೂತವು. ಗಣೆಯ ಕಥೆ ಕೂರಲಿಲ್ಲ. ಅದಕ್ಕೆ ಟೇಪ್ ಬರಬೇಕಾಯಿತು. ಜೀ.ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ದೊಡ್ಡ ದೊಡ್ಡ ಕಾವ್ಯಗಳನ್ನು ಸಂಗ್ರಹಿಸಿದ ಕಾಲದಲ್ಲಿ ಸ್ಪೂಲಿನ ಡಬ್ಬಿಯ ಮೇಲೆ, ನೋಟ್‌ಬುಕ್ಕಿನಲ್ಲಿ ಹಾಡುಗಾರರ ಹೆಸರು, ಊರು, ತಾರೀಖು ಬರೆದಿಡುವ ಶಿಸ್ತು ಬೆಳೆಯಿತು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ತೆರೆದ ಜಾನಪದ ಲೋಕಕ್ಕೂ ಆ ಶಿಸ್ತೇ ಅಡಿಪಾಯ.

1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟು ಈ ಕಡೆಯ ಮನೆಗಳಿಗೆ ಬಂದದ್ದು ತಡವಾಗಿ. ಬಂದ ಮೇಲೆ ಮಾತ್ರ ಬಿಡಲಿಲ್ಲ. 1978ರ ನಿತ್ಯೋತ್ಸವದಿಂದ ಭಾವಗೀತೆಯ ಕ್ಯಾಸೆಟ್ಟಿಗೆ ಹಾದಿಯಾಯಿತು. ಹಳ್ಳಿಗಳಲ್ಲಿ ಅದಕ್ಕಿಂತ ಜೋರಾಗಿ ಓಡಿದ್ದು ಗುರುರಾಜುಲು ನಾಯ್ಡು ಅವರ ಹರಿಕಥೆ. ಕ್ಯಾಸೆಟ್ಟಿನೊಳಗಿನ ರಟ್ಟಿನ ಚೀಟಿಯಲ್ಲಿ ಹಾಡಿದವರು, ಬರೆದವರು, ಪಕ್ಕವಾದ್ಯದವರು ಎಲ್ಲರೂ ಕನ್ನಡದಲ್ಲೇ ಅಚ್ಚಾಗಿರುತ್ತಿದ್ದರು. ಮಾಹಿತಿಯ ಮಟ್ಟಿಗೆ ಆ ಚೀಟಿಯಷ್ಟು ಉದಾರವಾದದ್ದು ಆಮೇಲೆ ಬಂದಿಲ್ಲ. ಚೀಟಿ ಕಳೆದರೆ ಕಥೆ ಮುಗಿಯಿತು, ಅದು ಬೇರೆ ಮಾತು.

ಎಂಪಿ3 ಬಂದಾಗ ಹೋದದ್ದು ಮೊದಲು ಈ ಚೀಟಿ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಆ ಹೆಸರನ್ನು ಖಾಯಂ ಮಾಡಿದ್ದು 1995ರ ಜುಲೈಯಲ್ಲಿ. ಕಿವಿಗೆ ಕೇಳದ್ದನ್ನು ಕಿತ್ತೆಸೆದು, ಸಿ.ಡಿ.ಯಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಬೇಡುವ ಧ್ವನಿಯನ್ನು 1 ಎಂಬಿಗೆ ಇಳಿಸುವ ಜಾಣತನ ಅದರದು. ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಎಂಬ ಅದರ ರೂವಾರಿ ಇದನ್ನು ತಿದ್ದಲು ಬಳಸಿದ ಹಾಡುಗಳಲ್ಲೊಂದು ಸುಝಾನ್ ವೇಗಾಳದು, ವಾದ್ಯವೇ ಇಲ್ಲದ ಒಂಟಿ ಹೆಣ್ಣುದನಿ. ಹಾಗಾಗಿಯೋ ಏನೋ ಸೋಬಾನೆ ಪದ ಹೇಳುವ ಅಜ್ಜಿಯ ದನಿಯನ್ನು ಎಂಪಿ3 ಮರ್ಯಾದೆಯಿಂದಲೇ ನಡೆಸಿಕೊಳ್ಳುತ್ತದೆ. ಭಜನೆಯ ತಾಳ, ಉರುಮೆಯ ಪೆಟ್ಟು ಬಂದಾಗ ಅದರ ಬಣ್ಣ ಬಯಲಾಗುತ್ತದೆ. ಸೆಕೆಂಡಿಗೆ 128 ಕಿಲೋಬಿಟ್ಟಿನಲ್ಲಿ ತಾಳದ ಮೊನೆ ಮುರಿದು, ಪೆಟ್ಟು ಬೀಳುವ ಮೊದಲೇ ಅದರ ಗೊರಗೊರ ನೆರಳು ಕೇಳುತ್ತದೆ. ತಾಳವಾದ್ಯ ಇರುವ ಕಡೆ 256ಕ್ಕಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಹಟ.

ಇನ್ನು ಹೆಸರಿನ ವಿಷಯ. ಎಂಪಿ3 ಹುಟ್ಟಿದಾಗ ಅದರಲ್ಲಿ ಹೆಸರು ಬರೆಯಲು ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬಾತ ಫೈಲಿನ ಬಾಲಕ್ಕೆ 128 ಬೈಟಿನ ಒಂದು ತುಂಡು ಅಂಟಿಸುವ ಉಪಾಯ ಮಾಡಿದ. ಅದೇ ಐಡಿ3 ಟ್ಯಾಗು. ಹಾಡಿನ ಹೆಸರಿಗೆ 30 ಬೈಟು, ಹಾಡುಗಾರರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಹಾಡಿನ ಬಗೆಗೆ ಒಂದು. ಇಂಗ್ಲಿಷಿನವರಿಗೆ ಒಂದಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ ಕನ್ನಡದ ಪ್ರತಿಯೊಂದು ಗುರುತಿಗೂ ಮೂರು ಬೈಟು ಬೇಕು, ಕೊಂಬು, ಸೊನ್ನೆ, ಒತ್ತಕ್ಷರದ ಕೊಂಡಿ ಎಲ್ಲವೂ ಬೇರೆ ಬೇರೆ. ಜುಂಜಪ್ಪ ಎಂಬಷ್ಟಕ್ಕೇ 21 ಬೈಟು. ‘ಜುಂಜಪ್ಪನ ಕಾವ್ಯ’ ಎಂದು ಬರೆಯಹೊರಟರೆ ‘ಜುಂಜಪ್ಪನ ಕ’ ಎಂಬಲ್ಲಿಗೆ 28 ಮುಗಿದು, ಕಾ ಎನ್ನಲು ದೀರ್ಘಕ್ಕೂ ಜಾಗವಿಲ್ಲದೆ ಉಳಿದ ಎರಡು ಬೈಟು ಕಸವಾಗುತ್ತದೆ. ಕಳುವರಹಳ್ಳಿಯ ಗುಡ್ಡದ ಮೇಲೆ ನಿಂತ ದೇವರಿಗೆ ಸಿಕ್ಕ ಜಾಗ ಇಷ್ಟು.

ಬಗೆಗಳ ಪಟ್ಟಿಯದಂತೂ ಇನ್ನೊಂದು ತಮಾಷೆ. ಮೊದಲು ಕೊಟ್ಟ 80 ಬಗೆಗಳಲ್ಲಿ ಪೋಲ್ಕಾ ಇತ್ತು, ಜನಪದ ಇರಲಿಲ್ಲ. ವಿನ್‌ಆಂಪ್ ಎಂಬ ಪ್ಲೇಯರಿನವರು ಪಟ್ಟಿ ಬೆಳೆಸಿದಾಗ ಅದನ್ನು ಸೇರಿಸಿದರು. ಹರಿಕಥೆ ಯಾವ ಬಗೆ? ಅರ್ಧ ಮಾತು, ಅರ್ಧ ಹಾಡು, ನಡುವೆ ನಗೆ. ಇಂದಿಗೂ ಅದನ್ನು ಭಕ್ತಿಗೀತೆ ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು.

1998ರ ಹೊತ್ತಿಗೆ ಐಡಿ3ಯ ಎರಡನೇ ಆವೃತ್ತಿ ಬಂದು ಜಾಗದ ಕೊರತೆ ನೀಗಿತು. 2000ದ ಕೊನೆಗೆ ಬಂದ 2.4ರಲ್ಲಿ ಯುಟಿಎಫ್-8ಕ್ಕೂ ಅವಕಾಶವಾಯಿತು. ಕಾಗದದ ಮೇಲೆ ಕನ್ನಡಕ್ಕೆ ಬಾಗಿಲು ತೆರೆದಿತ್ತು. ಬರೆಯುವ ಕೈ, ತೋರಿಸುವ ಪರದೆ ಎರಡೂ ಸಿದ್ಧವಿರಲಿಲ್ಲ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳು ಆ ಸುಮಾರಿಗೆ ಬಂದಿದ್ದವು. ಆದರೆ ಹಳೆಯ ನುಡಿ ಅಕ್ಷರ ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಬೀಳುತ್ತಿತ್ತು. ಕಂಪ್ಯೂಟರಿನಲ್ಲಿ 2001ರ ವಿಂಡೋಸ್ ಎಕ್ಸ್‌ಪಿ, ಫೋನಿನಲ್ಲಿ 2012ರ ಆಂಡ್ರಾಯ್ಡ್ 4.1 ಬರುವವರೆಗೆ ಸಾಮಾನ್ಯರಿಗೆ ಕನ್ನಡದ ಹೆಸರು ಕಣ್ಣಿಗೆ ಬೀಳುವ ಭರವಸೆ ಇರಲಿಲ್ಲ. ಆ ಹತ್ತು ಹನ್ನೆರಡು ವರ್ಷವೇ ನಮ್ಮ ಹಾಡುಗಳು ಕ್ಯಾಸೆಟ್ಟಿನಿಂದ ಎಂಪಿ3ಗೆ ಇಳಿದ ಕಾಲವೂ ಹೌದು. ಅದಕ್ಕೇ ಎಲ್ಲ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ.

ಬಸ್ ಸ್ಟಾಂಡಿನ ಪಕ್ಕದ ಮೊಬೈಲ್ ಅಂಗಡಿಗಳ ಕಾಲ ಅದು. ಮೆಮೊರಿ ಕಾರ್ಡು ಕೊಟ್ಟು ಹತ್ತಿಪ್ಪತ್ತು ರೂಪಾಯಿ ಇಟ್ಟರೆ ಅಂಗಡಿ ಹುಡುಗ ಹಾಡು ತುಂಬಿಸಿಕೊಡುತ್ತಿದ್ದ. ‘ಅಣ್ಣ, ರಾಜ್‌ಕುಮಾರ್ ಹಾಡು ಹಾಕು’ ಎಂದರೆ ಒಂದು ಫೋಲ್ಡರು ಪೂರ್ತಿ ಬರುತ್ತಿತ್ತು. 1974ರ ಸಂಪತ್ತಿಗೆ ಸವಾಲ್ ಆದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅದಕ್ಕೆ ಮುಂಚಿನ ಬಹುಪಾಲು ಹಾಡು ಪಿ.ಬಿ. ಶ್ರೀನಿವಾಸ್ ಅವರದು. ಅಂಗಡಿಯ ಫೋಲ್ಡರಿನಲ್ಲಿ ಪಿ.ಬಿ.ಎಸ್. ಎಲ್ಲೂ ಇಲ್ಲ. ಹಾಡುಗಾರರ ಜಾಗದಲ್ಲಿ ಹಾಡನ್ನು ಕದ್ದು ಹಂಚಿದ ವೆಬ್‌ಸೈಟಿನ ವಿಳಾಸ ಕೂತಿರುತ್ತಿತ್ತು. ಜಿ.ಕೆ. ವೆಂಕಟೇಶರ ರಾಗಸಂಯೋಜನೆಗೂ ಅದೇ ವಿಳಾಸ.

ಟ್ರಾಕ್ಟರಿನ ಯುಎಸ್‌ಬಿ ಪ್ಲೇಯರಿಗೂ ಟ್ಯಾಗಿಗೂ ಸಂಬಂಧವೇ ಇಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅಗ್ಗದ ಪ್ಲೇಯರುಗಳಲ್ಲಿ ಹೆಚ್ಚಿನವು ಪೆನ್‌ಡ್ರೈವಿಗೆ ಫೈಲು ಯಾವ ಕ್ರಮದಲ್ಲಿ ನಕಲಾಯಿತೋ ಅದೇ ಕ್ರಮದಲ್ಲಿ ನುಡಿಸುತ್ತವೆ. ಕೆಲವು ಹೆಸರಿನ ಕ್ರಮ ನೋಡುತ್ತವೆ, ಆಗ 1 ಆದ ಮೇಲೆ 10 ಬಂದು ಆಮೇಲೆ 2 ಬರುತ್ತದೆ. ಹರಿಕಥೆ ಕೇಳುವವರಿಗೆ ಸತ್ತವನು ಮುಂದಿನ ಭಾಗದಲ್ಲಿ ಎದ್ದು ಕೂತು ಮದುವೆಯಾಗುವ ಅನುಭವ. 01, 02 ಎಂದು ಸೊನ್ನೆ ಹಾಕಿ ಹೆಸರಿಟ್ಟು, ಒಂದೊಂದಾಗಿ ಸರದಿಯಲ್ಲಿ ನಕಲು ಮಾಡುವುದೇ ಮದ್ದು.

ಸಾಫ್ಟ್‌ವೇರಿನ ಆಯ್ಕೆ ಅಷ್ಟೇನೂ ತಲೆನೋವಲ್ಲ. ಜರ್ಮನಿಯ ಫ್ಲೋರಿಯಾನ್ ಹೈಡನ್‌ರೈಖ್ ಬರೆದ ಎಂಪಿ3ಟ್ಯಾಗ್ ವಿಂಡೋಸಿನಲ್ಲಿ ಪುಕ್ಕಟೆ ಸಿಗುತ್ತದೆ. ನೂರಾರು ಫೈಲುಗಳ ಹೆಸರನ್ನು ಒಡೆದು ಟ್ಯಾಗಾಗಿಸುವ, ವೆಬ್‌ಸೈಟಿನ ಕಸವನ್ನು ಒಂದೇ ಏಟಿಗೆ ಗುಡಿಸುವ ಕೆಲಸಕ್ಕೆ ಇದಕ್ಕಿಂತ ಸುಲಭದ್ದು ನಾನು ಕಂಡಿಲ್ಲ. ಲಿನಕ್ಸಿನವರಿಗೆ ಕಿಡ್3 ಇದೆ. ಪಿಕಾರ್ಡ್ ಎಂಬುದು ಇನ್ನೂ ಜಾಣ: ಹಾಡಿನ ಧ್ವನಿಯಿಂದಲೇ ಒಂದು ಹೆಬ್ಬೆಟ್ಟಿನ ಗುರುತು ತೆಗೆದು, 2000ದಲ್ಲಿ ರಾಬರ್ಟ್ ಕೇ ಶುರುಮಾಡಿದ ಮ್ಯೂಸಿಕ್‌ಬ್ರೈನ್ಜ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಹುಡುಕಿ ಹೆಸರು ತಂದುಕೊಡುತ್ತದೆ. ಸಿನಿಮಾ ಹಾಡಿಗೆ ಇದು ಒದಗುತ್ತದೆ, ಅಲ್ಲೂ ಮೂಲ ಚಿತ್ರ ಬಿಟ್ಟು ಯಾವುದೋ ಹಿಟ್ಸ್ ಸಂಕಲನಕ್ಕೆ ಹಾಡನ್ನು ಎಳೆದೊಯ್ಯುವ ಚಟವಿದೆ. ಮಿಡಿಗೇಶಿಯ ಭಜನೆಗೆ, ಬುಕ್ಕಾಪಟ್ಟಣದ ಗಣೆಗೆ ಭಂಡಾರದಲ್ಲಿ ಹೆಬ್ಬೆಟ್ಟೇ ಇಲ್ಲದಿರುವಾಗ ಪಿಕಾರ್ಡ್ ಏನು ಮಾಡೀತು? ಊರಿನ ಧ್ವನಿಗೆ ಕೈಯಲ್ಲಿ ಟೈಪ್ ಮಾಡುವುದೊಂದೇ ದಾರಿ.

ಟೈಪ್ ಮಾಡುವುದಾದರೆ ಎಲ್ಲಿ ಮಾಡಬೇಕು? ಇಲ್ಲಿ ನನ್ನ ಓಟು ಎಂಪಿ3ಗೆ ಬೀಳುವುದಿಲ್ಲ. ಜಾಶ್ ಕೋಲ್ಸನ್ 2001ರಲ್ಲಿ ಹೊರತಂದ ಫ್ಲಾಕ್ ಧ್ವನಿಯ ಒಂದು ಕಣವನ್ನೂ ಬಿಸಾಡದೆ ಫೈಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಅದರ ಟ್ಯಾಗು. ವಾರ್ಬಿಸ್ ಕಾಮೆಂಟ್ ಎನ್ನುವ ಆ ಪದ್ಧತಿಯಲ್ಲಿ ಖಾನೆಗಳ ಕಡ್ಡಾಯ ಪಟ್ಟಿಯೇ ಇಲ್ಲ. ಖಾನೆಯ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇರಬೇಕು ಅಷ್ಟೆ, ಊರು, ಹಟ್ಟಿ, ರಾಗ, ಪಾತ್ರ, ಹಾರ್ಮೋನಿಯಂ ಮೇಷ್ಟ್ರು ಎಂದು ಬೇಕಾದ ಖಾನೆ ತೆರೆಯಬಹುದು. ಒಳಗೆ ಬರೆಯುವುದೆಲ್ಲ ಯುಟಿಎಫ್-8, ಅಂದರೆ ಅಚ್ಚ ಕನ್ನಡ. ಒಂದೇ ಖಾನೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಕುರುಕ್ಷೇತ್ರಕ್ಕೆ ಇದು ಹೇಳಿ ಮಾಡಿಸಿದಂತಿದೆ. ಅಲ್ಲಿ ಹಾಡುಗಾರ ಒಬ್ಬನಲ್ಲ. ಕೃಷ್ಣನಿಗೊಬ್ಬ, ದುರ್ಯೋಧನನಿಗೆ ಮೊದಲರ್ಧ ಒಬ್ಬ, ಎರಡನೆಯ ಅರ್ಧ ಇನ್ನೊಬ್ಬ. ಆಲ್ಬಮ್, ಆರ್ಟಿಸ್ಟ್ ಎಂಬ ಅಂಗಡಿಯ ಲೆಕ್ಕದಲ್ಲಿ ಇವರನ್ನೆಲ್ಲ ಕೂರಿಸಲು ಹೋದರೆ ಮೇಷ್ಟ್ರೇ ಹೊರಗೆ ನಿಲ್ಲಬೇಕಾಗುತ್ತದೆ.

ಹಾಗೆಂದು ಐಡಿ3ಯವರಿಗೆ ಏನೂ ತಿಳಿಯದು ಎನ್ನಲಾಗದು. ಅದರಲ್ಲಿ ಭಾಷೆಗೊಂದು ಖಾನೆಯಿದೆ, ಮೂರಕ್ಷರದ ಸಂಕೇತ. ಹಾಡಿನಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಇದ್ದರೆ ಬಳಕೆಗೆ ತಕ್ಕ ಕ್ರಮದಲ್ಲಿ ಬರೆಯಿರಿ ಎಂದೂ ನಿಯಮ ಹೇಳುತ್ತದೆ. ಬಹುಪಾಲು ಆಂಧ್ರ ಆವರಿಸಿರುವ ಪಾವಗಡದ ಭಜನೆ ಕೇಳಿಯೇ ಬರೆದರೇನೋ ಅನ್ನಿಸುತ್ತದೆ. ಕೈವಾರ ತಾತಯ್ಯನವರು ಎರಡು ಭಾಷೆಯಲ್ಲೂ ಹಾಡು ಕಟ್ಟಿದವರು. ಅವರ ಪದಗಳನ್ನು ಕನ್ನಡ ಫೋಲ್ಡರಿಗೋ ತೆಲುಗು ಫೋಲ್ಡರಿಗೋ ಎಂದು ಹಂಚುವುದಕ್ಕಿಂತ ಈ ಖಾನೆ ತುಂಬುವುದು ಮೇಲು. ಬಹುತೇಕ ಪ್ಲೇಯರುಗಳು ಅದನ್ನು ತೋರಿಸುವುದಿಲ್ಲ. ಹುಡುಕುವಾಗ ಮಾತ್ರ ಉಪಯೋಗಕ್ಕೆ ಬರುತ್ತದೆ.

ರೆಕಾರ್ಡ್ ಮಾಡುವಾಗಿನ ಫಾರ್ಮ್ಯಾಟಿನ ಬಗ್ಗೆ ಎರಡು ಮಾತು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಎನ್ನುತ್ತದೆ. ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವವರು ಇದನ್ನು ಪಾಲಿಸುವುದು ಒಳ್ಳೆಯದು, ಎರಡನೇ ಸಲ ಓಡಿಸುವಷ್ಟು ಆಯಸ್ಸು ಆ ಟೇಪಿಗೆ ಇದ್ದೀತೆಂದು ಹೇಳಲಾಗದು. ಇಡೀ ರಾತ್ರಿಯ ನಾಟಕವನ್ನು ವೇವ್ ಫೈಲಾಗಿ ಹಿಡಿಯಹೊರಟವರಿಗೆ ಬೇರೊಂದು ಎಚ್ಚರಿಕೆ: ಆ ಫೈಲು 4 ಜಿಬಿ ಮೀರುವಂತಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಅದು ಸುಮಾರು ಆರೂಮುಕ್ಕಾಲು ಗಂಟೆ. ರಾತ್ರಿ ಹತ್ತಕ್ಕೆ ಗುಂಡಿ ಒತ್ತಿದರೆ ದುರ್ಯೋಧನನ ತೊಡೆ ಮುರಿಯುವ ಮೊದಲೇ ಫೈಲು ಮುಗಿದಿರುತ್ತದೆ. ಅಂಕಕ್ಕೊಂದು ಫೈಲು ಮಾಡಿಕೊಳ್ಳಬೇಕು. ಹಿಂದಿನ ಬಟನ್ ಫೋನುಗಳಲ್ಲಿ ಎಎಂಆರ್ ಎಂಬ ಫಾರ್ಮ್ಯಾಟಿನಲ್ಲಿ ಹಿಡಿದ ಧ್ವನಿಗೆ ಮಾತ್ರ ಯಾವ ಉಪಾಯವೂ ಇಲ್ಲ. ಅದು ಫೋನಿನ ಮಾತಿಗೆಂದು ಮಾಡಿದ್ದು, 3400 ಹರ್ಟ್ಸಿನ ಮೇಲಿನದ್ದನ್ನೆಲ್ಲ ಕತ್ತರಿಸುತ್ತದೆ. ಗಣೆಯ ಉಸಿರು ಇರುವುದೇ ಅಲ್ಲಿಂದ ಮೇಲೆ. ಅಂಥದನ್ನು ಫ್ಲಾಕಿಗೆ ಬದಲಾಯಿಸಿದರೆ ಫೈಲು ಊದಿಕೊಳ್ಳುತ್ತದೆಯೇ ಹೊರತು ಹೋದ ಉಸಿರು ಬರುವುದಿಲ್ಲ. ಇದ್ದಂತೆ ಇಟ್ಟು ಹೆಸರು ಬರೆಯಿರಿ.

ನನ್ನ ಲೆಕ್ಕ ಹೀಗೆ: ಮನೆಯಲ್ಲಿ ಎರಡು ಹಾರ್ಡ್‌ಡಿಸ್ಕಿನಲ್ಲಿ ಫ್ಲಾಕ್, ಕನ್ನಡದ ಟ್ಯಾಗಿನೊಂದಿಗೆ, ಊರಿನಲ್ಲಿ ಹಂಚಲು ಎಂಪಿ3, ಐಡಿ3 2.3ರ ಟ್ಯಾಗಿನಲ್ಲಿ, ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ಹಳೆಯ ಕಾರಿನ ಸ್ಟೀರಿಯೋಗೂ ಅಗ್ಗದ ಸ್ಪೀಕರಿಗೂ ಅಷ್ಟೇ ಅರ್ಥವಾಗುವುದು. ಎಂಪಿ3ಯ ಪೇಟೆಂಟ್ ಲೈಸೆನ್ಸಿನ ವ್ಯವಹಾರ 2017ರಲ್ಲೇ ಮುಗಿದಿದೆ, ಅದರ ಚಿಂತೆಯಿಲ್ಲ.

ಈಗಿನ ಹುಡುಗರು ಫೈಲನ್ನೇ ಇಟ್ಟುಕೊಳ್ಳುವುದಿಲ್ಲ, ಯೂಟ್ಯೂಬಿನಲ್ಲಿ ಕೇಳುತ್ತಾರೆ. ಆದರೂ ಈ ನಾಲ್ಕು ತಾಲ್ಲೂಕಿನಲ್ಲಿ ಫೈಲುಗಳು ದಿನವೂ ಹುಟ್ಟುವ ಜಾಗವೊಂದಿದೆ, ನಾಟಕದ ಪ್ರಾಕ್ಟೀಸಿನ ವಾಟ್ಸ್ಆಪ್ ಗುಂಪು. ಹಾರ್ಮೋನಿಯಂ ಮೇಷ್ಟ್ರು ಕಂದ, ವೃತ್ತ, ಹಾಡಿನ ಮಟ್ಟುಗಳನ್ನು ತಾವೇ ಹಾಡಿ ಪಾತ್ರಧಾರಿಗಳಿಗೆ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಫೋನು ಅದಕ್ಕೆ ಇಡುವ ಹೆಸರು ಪಿಟಿಟಿ, ಒಂದು ತಾರೀಖು, ಒಂದು ನಂಬರು. ಮೇಷ್ಟ್ರ ಹೆಸರೂ ಇಲ್ಲ, ರಾಗವೂ ಇಲ್ಲ. ಆದರೆ ಆ ಫೈಲು ಓಪಸ್. 2012ರಲ್ಲಿ ಮಾನ್ಯವಾದ ಈ ಫಾರ್ಮ್ಯಾಟು ಕಡಿಮೆ ಜಾಗದಲ್ಲೂ ದನಿಯನ್ನು ಚೆನ್ನಾಗಿ ಹಿಡಿಯುತ್ತದೆ, ಮತ್ತು ಅದರ ಟ್ಯಾಗೂ ಫ್ಲಾಕಿನ ಹಾಗೆ ವಾರ್ಬಿಸ್ ಕಾಮೆಂಟೇ. ಎಂಪಿ3ಗೆ ಬದಲಾಯಿಸಿ ಇನ್ನೊಮ್ಮೆ ಹಿಂಡುವ ಅಗತ್ಯವಿಲ್ಲ. ಕಂಪ್ಯೂಟರಿಗೆ ಹಾಕಿಕೊಂಡು ಎಂಪಿ3ಟ್ಯಾಗಿನಲ್ಲೋ ಕಿಡ್3ಯಲ್ಲೋ ತೆರೆದು ಮೇಷ್ಟ್ರ ಹೆಸರು, ಪಾತ್ರ, ರಾಗ, ಊರು ಬರೆದು ಉಳಿಸಬಹುದು. ಬೇರೆಯವರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ, ಬರೆದ ಹೆಸರಿನೊಂದಿಗೇ ತಲುಪುತ್ತದೆ.